ಎರಡು ವರ್ಷದ ಹಿಂದೆ ತೊಗೊಂಡ ಟೊರಾಂಟೊ ಕಾಂಡೋ: 5.35 ಲಕ್ಷ ಡಾಲರ್‌ಗೆ ಕೊಟ್ಬಿಡೋದಾ, ಬಾಡಿಗೆಗೆ ಹಾಕೋದಾ?

ಹಾಸನದ_ಸೊಸೆ
ಎಲ್ರಿಗೂ ನಮಸ್ಕಾರ. 2024 ಏಪ್ರಿಲ್‌ನಲ್ಲಿ ಎಟೋಬಿಕೋದ ಹಂಬರ್ ಬೇ ಹತ್ರ ಒಂದು 1 ಪ್ಲಸ್ ಡೆನ್ ಕಾಂಡೋ (ಒಂದು ಬೆಡ್‌ರೂಮ್, ಜೊತೆಗೊಂದು ಪುಟ್ಟ ಕೋಣೆ ಇರೋ ಫ್ಲಾಟ್) ತೊಗೊಂಡ್ವಿ. 6.4 ಲಕ್ಷ ಡಾಲರ್, 20% ಡೌನ್, ಅಂದ್ರೆ 1.28 ಲಕ್ಷ, ಅದ್ರಲ್ಲಿ ಅರ್ಧ ನಮ್ಮ ಮಾವ ಊರಲ್ಲಿದ್ದ ಸೈಟು ಮಾರಿ ಕಳ್ಸಿದ್ದು. ಆಗ ಬ್ಯಾಂಕ್ ಆಫ್ ಕೆನಡಾ ರೇಟು 5% ಇತ್ತು, ಇನ್ನೇನು ಇಳಿಯತ್ತೆ, ಇಳಿದ ಕೂಡ್ಲೇ ಮನೆ ಬೆಲೆ ಏರತ್ತೆ, ಈಗ್ಲೇ ತೊಗೊಂಡ್ಬಿಡಿ ಅಂತ ಎಲ್ರೂ ಹೇಳಿದ್ರು, ನಾವೂ ನಂಬಿದ್ವಿ, 5.1%ಗೆ 5 ವರ್ಷ ಫಿಕ್ಸೆಡ್ ಮಾಡ್ಸಿದ್ವಿ. ರೇಟು ಇಳೀತು, 2025 ಅಕ್ಟೋಬರ್‌ಗೆ 2.25ಕ್ಕೆ ಬಂತು, ಮನೆ ಬೆಲೆನೂ ಅದ್ರ ಜೊತೆಗೇ ಇಳೀತು.

ಜನವರಿಯಿಂದ ನಮ್ಮೋರಿಗೆ ಕ್ಯಾಲ್ಗರಿಯಲ್ಲಿ ಕೆಲ್ಸ. ನಾನು ಮತ್ತೆ 14 ತಿಂಗಳ ಮಗು ಇಲ್ಲಿ. ಮನೆ ಮಾರಾಟಕ್ಕಿಟ್ಟಿದೀವಿ, ಕೊಳ್ಳೋರು ನೋಡೋಕೆ ಬರ್ತಾರೆ, ಶೋಯಿಂಗ್ ಇದೆ ಅಂತ ಮೆಸೇಜ್ ಬಂದ್ರೆ ಡೆನ್‌ನಲ್ಲಿರೋ ಮಗು ಮಂಚ ಮಡಚಿ ಕಾರ್ ಡಿಕ್ಕಿಗೆ ಹಾಕಿ, ಒಗ್ಗರಣೆ ವಾಸ್ನೆ ಹೋಗ್ಲಿ ಅಂತ ಬಾಲ್ಕನಿ ಬಾಗಿಲು ತೆಗ್ದಿಟ್ಟು, ಮಗು ಎತ್ಕೊಂಡು ಲಾಬಿಯಲ್ಲಿ ಕೂತಿರ್ತೀನಿ. 11 ವಾರದಲ್ಲಿ 19 ಶೋಯಿಂಗ್, ಆಫರ್ ಬಂದಿದ್ದು ಒಂದೇ, 5.35. ನಮ್ಮ ಬಿಲ್ಡಿಂಗಲ್ಲೇ ಇನ್ನೂ 9 ಯೂನಿಟ್ ಮಾರಾಟಕ್ಕಿವೆ. ಕಂತು 2,763, ಮೇಂಟೆನೆನ್ಸ್ 480, ಪ್ರಾಪರ್ಟಿ ಟ್ಯಾಕ್ಸ್ 210. ಬಾಡಿಗೆಗೆ ಕೊಟ್ರೆ 2,250 ಬರಬಹುದು ಅಂತಾರೆ. ಏನ್ ಮಾಡ್ಲಿ ಹೇಳಿ.

ಬ್ರಾಂಪ್ಟನ್_ಹುಡ್ಗ
ದಯವಿಟ್ಟು ಮಾರ್ಬೇಡಿ. ಹೊಸ ಕಾಂಡೋಗಳ ಬುಕಿಂಗ್ ಪೂರ್ತಿ ನೆಲಕಚ್ಚಿದೆ, ಬಿಲ್ಡರ್‌ಗಳು ಪ್ರಾಜೆಕ್ಟೇ ಕೈಬಿಡ್ತಿದಾರೆ, ಇವತ್ತು ಪಾಯ ತೋಡದೆ ಇರೋ ಬಿಲ್ಡಿಂಗು ಇನ್ನು 4 ವರ್ಷಕ್ಕೆ ರೆಡಿ ಆಗಲ್ಲ ತಾನೇ, ಆಗ ಮತ್ತೆ ಮನೆ ಸಾಲಲ್ಲ, ಬೆಲೆ ಏರಲೇಬೇಕು. ತಿಂಗಳಿಗೆ 1,200 ಕೈಯಿಂದ ಹೋಗತ್ತೆ ನಿಜ, ಆದ್ರೆ ಕಂತಲ್ಲಿ 670ರಷ್ಟು ಅಸಲಿಗೇ ಹೋಗ್ತಿದೆ, ಅದು ನಿಮ್ಮ ದುಡ್ಡೇ. ನಿಜವಾದ ನಷ್ಟ ತಿಂಗಳಿಗೆ 530. ಮಾವ ಸೈಟು ಮಾರಿ ಕೊಟ್ಟ ದುಡ್ಡನ್ನ ಹೀಗೆ ನೀರಿಗೆ ಹಾಕ್ಬೇಡಿ.

ಲೆಕ್ಕ_ಪಕ್ಕಾ
ಮಾರಿದ್ರೆ ಏನಾಗತ್ತೆ ಅಂತ ಮೊದ್ಲು ನೋಡಿ. ಸಾಲ ಇನ್ನೂ 4,96,600 ಆಸುಪಾಸು ಇರತ್ತೆ. ಕಮಿಷನ್ 5% ಅಂದ್ರೆ 26,750, ಅದ್ರ ಮೇಲೆ 13% ಎಚ್‌ಎಸ್‌ಟಿ (ಊರಿನ ಜಿಎಸ್‌ಟಿ ತರದ ಟ್ಯಾಕ್ಸ್), ಒಟ್ಟು 30,200. ಲಾಯರ್‌ಗೆ 1,800 ಇಟ್ಕೊಳಿ. ಉಳಿಯೋದು 6,400. ಫಿಕ್ಸೆಡ್ ಮಾರ್ಟ್‌ಗೇಜ್ ಮಧ್ಯದಲ್ಲಿ ಮುರಿಯೋಕೆ ಪೆನಾಲ್ಟಿ, ಕನಿಷ್ಠ 3 ತಿಂಗಳ ಬಡ್ಡಿ, 6,260. ಕೈಗೆ ಬರೋದು ನೂರು ಚಿಲ್ರೆ ಡಾಲರ್. ಅದೂ ಕಮ್ಮಿ ಅಂದ್ರೆ ಇಷ್ಟು. ಈಗಿನ ಬಡ್ಡಿಗೂ ನಿಮ್ಮ 5.1ಕ್ಕೂ ಇರೋ ವ್ಯತ್ಯಾಸನ ಉಳಿದ 3 ವರ್ಷಕ್ಕೆ ಲೆಕ್ಕ ಹಾಕಿದ್ರೆ ಜಾಸ್ತಿ ಬರತ್ತೆ ಅಂದ್ರೆ ಬ್ಯಾಂಕ್‌ನೋರು ಆ ಜಾಸ್ತಿದನ್ನೇ ಹಿಡೀತಾರೆ, ಆಗ ನೀವೇ ಚೆಕ್ ಬರೀಬೇಕು. ಕೊಳ್ಳುವಾಗ ಲ್ಯಾಂಡ್ ಟ್ರಾನ್ಸ್‌ಫರ್ ಟ್ಯಾಕ್ಸ್ ಒಂಟಾರಿಯೋಗೆ 9,275, ಟೊರಾಂಟೊ ಸಿಟಿಗೆ ಇನ್ನೊಂದು 9,275 ಕಟ್ಟಿರ್ತೀರ, ಮೊದಲ ಮನೆ ರಿಬೇಟ್ ಕಳೆದ್ರೂ 10,075 ಅಲ್ಲೇ ಹೋಗಿದೆ.

ಹಾಸನದ_ಸೊಸೆ
ನೂರು ಡಾಲರ್ ಅಂತ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಕಾವೇರಿ_ಕಿಚನರ್
2 ವರ್ಷದೊಳಗೆ ಮಾರಿದ್ರೆ ಫ್ಲಿಪ್ಪಿಂಗ್ ಟ್ಯಾಕ್ಸ್ (ಕೊಂಡು ಬೇಗ ಮಾರೋರಿಗೆ ಹಾಕೋ ತೆರಿಗೆ) ಬೇರೆ ಇದೆ ಅಲ್ವಾ?

ಲೆಕ್ಕ_ಪಕ್ಕಾ
ಇಲ್ಲ, 2023 ಜನವರಿಯಿಂದ ಬಂದಿರೋ ಫೆಡರಲ್ ರೂಲ್ 365 ದಿನದೊಳಗೆ ಮಾರಿದ್ರೆ ಮಾತ್ರ, ಅದೂ ಲಾಭದ ಮೇಲೆ. ಇವರಿಗೆ ಲಾಭ ಎಲ್ಲಿದೆ. ಆದ್ರೆ ಇನ್ನೊಂದು ವಿಷ್ಯ ಗೊತ್ತಿರ್ಲಿ, ತಾವೇ ವಾಸ ಇದ್ದ ಮನೆ ನಷ್ಟಕ್ಕೆ ಮಾರಿದ್ರೆ ಆ ನಷ್ಟನ ಟ್ಯಾಕ್ಸ್‌ನಲ್ಲಿ ತೋರ್ಸೋಕಾಗಲ್ಲ. ಬಾಡಿಗೆಗೆ ಕೊಟ್ಟು ಆಮೇಲೆ ಮಾರಿದ್ರೆ ತೋರಿಸ್ಬೋದಲ್ಲ ಅಂತ ಕೆಲವರು ಹೇಳ್ತಾರೆ, ಆದ್ರೆ ಬಾಡಿಗೆಗೆ ಬದಲಾದ ದಿನ ಮಾರ್ಕೆಟ್ ಬೆಲೆ ಎಷ್ಟಿತ್ತೋ ಅಲ್ಲಿಂದ ಲೆಕ್ಕ ಶುರು. 6.4ರಿಂದ 5.35ಕ್ಕೆ ಬಿದ್ದಿದ್ದು ನಿಮ್ಮ ತಲೆ ಮೇಲೇ ಇರತ್ತೆ.

ಮಲ್ನಾಡ್_ಮಿಸ್ಸಿಸಾಗಾ
ಬಾಡಿಗೆ ಅಂತ ಸುಲಭಕ್ಕೆ ಹೇಳ್ತಿದೀರಲ್ಲ ಬ್ರಾಂಪ್ಟನ್ ಅವ್ರೇ, ನಾನು ಅನುಭವಿಸಿದ್ದು ಹೇಳ್ತೀನಿ ಕೇಳಿ. ನಾವು ವ್ಯಾಂಕೂವರ್‌ಗೆ ಹೋದಾಗ ಇಲ್ಲಿನ ಯೂನಿಟ್ ಬಾಡಿಗೆಗೆ ಕೊಟ್ವಿ, ನಾಲ್ಕನೇ ತಿಂಗಳಿಂದ ದುಡ್ಡು ನಿಂತೋಯ್ತು, ಕೇಸ್ ಹಾಕಿ ವಿಚಾರಣೆಗೆ ದಿನ ಸಿಗೋಕೇ 7 ತಿಂಗಳು. ಅಷ್ಟೂ ದಿನ ಕಂತು ನಮ್ಮದೇ, ಮೇಂಟೆನೆನ್ಸ್ ನಮ್ಮದೇ. ಕೊನೆಗೆ ಬೀಗ ತೆಗೆದು ನೋಡಿದ್ರೆ ಡಿಶ್‌ವಾಷರ್ ಅಡಿಯಿಂದ ನೀರು ಸೋರಿ ನೆಲದ ಹಲಗೆ ಅಷ್ಟೂ ಉಬ್ಬಿ ನಿಂತಿತ್ತು. ಅಕ್ಕ ಕ್ಯಾಲ್ಗರಿಯಲ್ಲಿ ಕೂತ್ಕೊಂಡು ಇದನ್ನ ಹೇಗೆ ನೋಡ್ಕೋತಾರೆ?

ಅದೂ ಅಲ್ದೆ 2024ರಲ್ಲಿ ವಿದೇಶಿ ವಿದ್ಯಾರ್ಥಿಗಳ ಸ್ಟಡಿ ಪರ್ಮಿಟ್‌ಗೆ ಮಿತಿ ಹಾಕಿದ ಮೇಲೆ ಬಾಡಿಗೆಗೆ ಬರೋ ಹುಡುಗ್ರೂ ಕಮ್ಮಿ ಆಗಿದಾರೆ, 2,250 ಸಿಕ್ಕೇ ಸಿಗತ್ತೆ ಅಂತ ಕೂರಬೇಡಿ. ಬಾಡಿಗೆದಾರ ಇರುವಾಗ ಮಾರೋದೂ ಕಷ್ಟ, ಕೊಳ್ಳೋರು ತಾವೇ ಬಂದು ಇರ್ತೀವಿ ಅಂದ್ರೆ 60 ದಿನ ನೋಟಿಸ್, ಒಂದ್ ತಿಂಗಳ ಬಾಡಿಗೆ ಪರಿಹಾರ, ಅದೂ ಲೀಸ್ ಮುಗಿಯೋವರೆಗೆ ಎಬ್ಬಿಸೋ ಹಾಗಿಲ್ಲ.

ಬ್ರಾಂಪ್ಟನ್_ಹುಡ್ಗ
ನಿಮಗೆ ಆಗಿದ್ದು ಕೆಟ್ಟದ್ದೇ, ಹಾಗಂತ ಎಲ್ರಿಗೂ ಹಾಗೇ ಆಗಲ್ಲ. ನನ್ನ ಇಬ್ರು ಬಾಡಿಗೆದಾರರೂ ಒಂದನೇ ತಾರೀಕು ತಪ್ಪಿಸಿಲ್ಲ. ಅಕ್ಕನಿಗೆ ಮಾರಿದ್ರೆ ಸಿಗೋದು ಸೊನ್ನೆ, ಇಟ್ಕೊಂಡ್ರೆ ಒಂದು ಅವಕಾಶ ಆದ್ರೂ ಇದೆ, ನಾನು ಹೇಳ್ತಿರೋದು ಅಷ್ಟೇ.

ಹಳೇ_ಟೊರಾಂಟೊ
ಅವಕಾಶ ಅಂದ್ರಿ, ಆ ಮಾತಿಗೆ ಬರ್ತೀನಿ. ನಾನು 1989ರಲ್ಲಿ ನಾರ್ತ್ ಯಾರ್ಕ್‌ನಲ್ಲಿ ಕಾಂಡೋ ತೊಗೊಂಡೋನು. ಆವತ್ತು ಇಲ್ಲಿ ಮನೆ ಸರಾಸರಿ ಬೆಲೆ 2.73 ಲಕ್ಷ ಇತ್ತು, 1996ಕ್ಕೆ 1.98ಕ್ಕೆ ಇಳೀತು, ಮತ್ತೆ ಆ ಹಳೇ ಬೆಲೆ ಮುಟ್ಟಿದ್ದು 2002ರಲ್ಲಿ. 13 ವರ್ಷ. ಪ್ರತಿ ಯುಗಾದಿಗೂ ಈ ವರ್ಷ ಏರತ್ತೆ ಅಂತ ನಾನೂ ನನ್ನ ಹೆಂಡ್ತಿನೂ ಮಾತಾಡ್ಕೋತಿದ್ವಿ. ಒಟ್ಟಾವದಲ್ಲಿ ಒಳ್ಳೇ ಕೆಲ್ಸ ಬಂತು, ಮನೆ ಹೋಗತ್ತಲ್ಲ ಅಂತ ಬಿಟ್ಟೆ. ಕೊನೆಗೆ 1997ರಲ್ಲಿ ಮಾರಿದೆ, ನಷ್ಟಕ್ಕೇ. ದುಡ್ಡಿಗಿಂತ ಆ ಕೆಲ್ಸ ಬಿಟ್ಟಿದ್ದೇ ಇವತ್ತಿಗೂ ಚುಚ್ಚತ್ತೆ.

ತಾಯಿ, 6.4 ಅನ್ನೋ ಬೆಲೆ ಹೋಯ್ತು. ನೀವು ಮಾರಿದ್ರೂ ಹೋಗಿದೆ, ಇಟ್ಕೊಂಡ್ರೂ ಹೋಗಿದೆ. ಈಗ ಕೇಳ್ಬೇಕಾಗಿರೋದು ತಿಂಗಳಾ ತಿಂಗಳಾ 1,200 ಹಾಕಿ, ಅಲ್ಲಿ ಕ್ಯಾಲ್ಗರಿಯಲ್ಲಿ ಇನ್ನೊಂದು ಬಾಡಿಗೆ ಕಟ್ಟಿ, 2029 ಏಪ್ರಿಲ್‌ನಲ್ಲಿ ಸಾಲದ 5 ವರ್ಷ ಮುಗಿದು ರಿನ್ಯೂವಲ್ ಆಗೋವರೆಗೆ ತಡ್ಕೊಳೋ ಶಕ್ತಿ ನಿಮ್ಮ ಮನೆಗಿದೆಯಾ ಅಂತ. ಇದ್ರೆ ಇಟ್ಕೊಳಿ, ಬ್ರಾಂಪ್ಟನ್ ಹುಡ್ಗ ಹೇಳೋದ್ರಲ್ಲೂ ಅರ್ಥ ಇದೆ. ಇಲ್ಲಾಂದ್ರೆ ಮಾವನ ಸೈಟಿನ ದುಡ್ಡು ಉಳಿಸೋಕೆ ಹೋಗಿ ಇನ್ನೊಂದು ಸಾಲ ಮಾಡ್ಕೋತೀರ.

ಹಾಸನದ_ಸೊಸೆ
ಇಲ್ಲ ಅಂಕಲ್, ಇಲ್ಲ. ಈಗ್ಲೇ ಲೈನ್ ಆಫ್ ಕ್ರೆಡಿಟ್‌ನಿಂದ ಡೇಕೇರ್ ಕಟ್ತಿದೀನಿ. ಮಗು ಅಪ್ಪನ್ನ ನೋಡಬೇಕು ಅನ್ಸಿದಾಗ ಫೋನ್ ತೊಗೊಂಬಂದು ನನ್ನ ಕೈಗೆ ಕೊಡ್ತಾಳೆ.

ಲೆಕ್ಕ_ಪಕ್ಕಾ
ಹಾಗಿದ್ರೆ ಮಾರಿ, ಆದ್ರೆ ಸುಮ್ನೆ 5.35ಕ್ಕೆ ಒಪ್ಕೋಬೇಡಿ. ಪೆನಾಲ್ಟಿ ಎಷ್ಟು ಅಂತ ಬ್ಯಾಂಕಿಂದ ಲಿಖಿತದಲ್ಲಿ ತರ್ಸಿಕೊಳಿ, ಫೋನಲ್ಲಿ ಹೇಳೋದು ನಂಬಬೇಡಿ. ಮಾರ್ಟ್‌ಗೇಜ್ ಪೋರ್ಟ್ ಮಾಡೋಕಾಗತ್ತಾ, ಅಂದ್ರೆ ಇದೇ ಸಾಲನ ಹೊಸ ಮನೆಗೆ ವರ್ಗಾಯಿಸೋಕಾಗತ್ತಾ ಕೇಳಿ, ಕ್ಯಾಲ್ಗರಿಯಲ್ಲಿ 90 ದಿನ ಅಥವಾ 120 ದಿನದೊಳಗೆ ಮನೆ ತೊಗೊಂಡ್ರೆ ಪೆನಾಲ್ಟಿ ಉಳಿಯಬಹುದು. ಬರೀ ಪೆನಾಲ್ಟಿ ಉಳ್ಸೋಕೆ ಅಂತ ಮನೆ ತೊಗೋಬೇಡಿ ಮತ್ತೆ. ನಿಮ್ಮ ಏಜೆಂಟ್ ಹತ್ರ ಅವರ ಪಾಲಿನ ಕಮಿಷನ್ ಇಳ್ಸೋಕೂ ಕೇಳಿ, ಅರ್ಧ ಪರ್ಸೆಂಟ್ ಅಂದ್ರೂ 2,675.

ಬ್ರಾಂಪ್ಟನ್_ಹುಡ್ಗ
ಡೇಕೇರ್ ವಿಷ್ಯ ನನಗೆ ಗೊತ್ತಿರ್ಲಿಲ್ಲ ಅಕ್ಕ, ಸಾರಿ. ಹಾಗಿದ್ರೆ ನಾನೂ ಮಾರಿ ಅಂತೀನಿ. ನಿಮ್ಮ ಫ್ಲೋರ್‌ನಲ್ಲೇ ಅದೇ ಲೇಔಟ್‌ನ ಯೂನಿಟ್ ಬೇರೆ ಇದ್ರೆ ಅದು ಎಷ್ಟಕ್ಕೆ ಹೋಯ್ತು ನೋಡಿ, ಆಸ್ಕಿಂಗ್ ಅಲ್ಲ, ಸೋಲ್ಡ್ ಬೆಲೆ.

ಹಾಸನದ_ಸೊಸೆ
ನಮ್ಮ ಕೆಳಗಿನ ಫ್ಲೋರ್‌ದು ಫೆಬ್ರವರಿಯಲ್ಲಿ 5.42ಕ್ಕೆ ಹೋಗಿದೆಯಂತೆ, ಅದಕ್ಕೆ ಲಾಕರ್ (ಸಾಮಾನು ಇಡೋ ಜಾಗ) ಇರ್ಲಿಲ್ಲ, ನಮ್ಮದಕ್ಕಿದೆ. ರಾತ್ರಿ ನಮ್ಮೋರ ಹತ್ರ ಮಾತಾಡಿ 5.44ಕ್ಕಾದ್ರೆ ಕೊಡ್ತೀವಿ ಅಂತ ಕೌಂಟರ್ ಕಳ್ಸಿದೀವಿ, ನಾಳೆ ಸಂಜೆ 5ರವರೆಗೆ ಟೈಮ್. ಮಾವನಿಗೆ ನಾನೇ ಫೋನ್ ಮಾಡಿ ಹೇಳ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ರು, ಆಮೇಲೆ ಮಗುಗೆ ಅಲ್ಲಿ ಚಳಿ ಜಾಸ್ತಿನಾ ಅಂತ ಕೇಳಿದ್ರು.

ಮಲ್ನಾಡ್_ಮಿಸ್ಸಿಸಾಗಾ
ಸ್ಟೇಟಸ್ ಸರ್ಟಿಫಿಕೇಟ್ (ಬಿಲ್ಡಿಂಗಿನ ಹಣಕಾಸು, ನಿಮ್ಮ ಯೂನಿಟ್‌ನ ಬಾಕಿ ತೋರ್ಸೋ ದಾಖಲೆ) ಇವತ್ತೇ ಆರ್ಡರ್ ಮಾಡಿ, 100 ಡಾಲರ್, ಕೊಡೋಕೆ 10 ದಿನ ತೊಗೋತಾರೆ. ಕೊಳ್ಳೋರ ಲಾಯರ್ ಅದಕ್ಕೇ ಕಾಯ್ತಾ ಕೂತು ಮನಸ್ಸು ಬದಲಾಯಿಸಿದ್ದು ನಾನು ನೋಡಿದೀನಿ.