ಎಫ್‌ಎಫ್‌ಎಂಪೆಗ್‌ನಿಂದ ಯೂಟ್ಯೂಬ್ ಲೈವ್: ಚಿತ್ರ ಎಳೆದೆಳೆದು ಬರುತ್ತಿದೆ

ವೀಣೆ ಮನೆ ಹುಡುಗ:
ಅತ್ತೆ ಹನುಮಂತನಗರದ ಮನೆಯಲ್ಲಿ ವೀಣೆ ಪಾಠ ಹೇಳುತ್ತಾರೆ. ರಾಮನವಮಿಗೆ ಮಕ್ಕಳ ಕಛೇರಿ. ಸಾಗರದಲ್ಲಿರುವ ಅಜ್ಜಿಗೆ ಫೋನಿನಲ್ಲೇ ತೋರಿಸುವ ಕೆಲಸ ನನ್ನ ತಲೆಗೆ ಬಿತ್ತು. ನನ್ನ ಹತ್ತಿರ ಇರುವುದು ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪ್. ಲೈವ್ ಕಳಿಸುವ ಓಬಿಎಸ್ ಆ್ಯಪ್ ತೆರೆದರೆ ಫ್ಯಾನು ಮಿಕ್ಸಿ ಥರ ಕಿರುಚುತ್ತದೆ, ತಂಬೂರಿಯೇ ಕೇಳಿಸುವುದಿಲ್ಲ. ಅದಕ್ಕೇ ಟರ್ಮಿನಲ್‌ನಲ್ಲಿ ಕಮ್ಯಾಂಡ್ ಬರೆದು ವಿಡಿಯೊ ಕಳಿಸುವ ಎಫ್‌ಎಫ್‌ಎಂಪೆಗ್: ವೆಬ್‌ಕ್ಯಾಮ್, 720ಪಿ, ಚಿತ್ರ ಕುಗ್ಗಿಸಲು ಎಕ್ಸ್264, ಧ್ವನಿಗೆ ಎಎಸಿ, ಯೂಟ್ಯೂಬಿಗೆ ತಲುಪಿಸಲು ಆರ್‌ಟಿಎಂಪಿ.

ನಿನ್ನೆ ಟ್ರಯಲ್ ನೋಡಿದೆ. ಮೀಟಿದ ಸ್ವರ ಕಿವಿಗೆ ಬಿದ್ದಾಗಿದೆ, ಅತ್ತೆಯ ಬೆರಳು ಇನ್ನೂ ಹಿಂದಿನ ಮೆಟ್ಟಿನ ಮೇಲೇ ಇದೆ. ಯೂಟ್ಯೂಬ್ ಸ್ಟುಡಿಯೋ ಬೇರೆ ಕೀಫ್ರೇಮ್ (ಆಗಾಗ ಬರಬೇಕಾದ ಪೂರ್ತಿ ಚಿತ್ರದ ಫ್ರೇಮ್) ಸರಿಯಿಲ್ಲ ಅಂತ ಗೊಣಗುತ್ತಿದೆ. ಅಪ್‌ಲೋಡ್ 20 ಎಂಬಿಪಿಎಸ್ ಸಿಗುತ್ತಿದೆ. ಎಲ್ಲಿ ಎಡವಿದೆ?

ಕರಿಪರದೆ:
ಓಡುವಾಗ ಕೊನೇ ಸಾಲಿನಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಫ್ರೇಮ್) ಎಷ್ಟು ಅಂತ ಬರುತ್ತಿದೆ?

ವೀಣೆ ಮನೆ ಹುಡುಗ:
10. 30 ಕೇಳಿದ್ದೆ.

ಕರಿಪರದೆ:
ಅಲ್ಲೇ ಇದೆ ನೋಡಿ. ಕ್ಯಾಮೆರಾ ಕುಗ್ಗಿಸದ ಕಚ್ಚಾ ಚಿತ್ರ ಕಳಿಸುತ್ತಿದೆ. 720ಪಿಯಲ್ಲಿ 30 ಫ್ರೇಮ್ ಅಂದರೆ ಸೆಕೆಂಡಿಗೆ ಸುಮಾರು 55 ಎಂಬಿ. ಯುಎಸ್‌ಬಿ 2ಕ್ಕೆ ಅಷ್ಟು ಹೊರಲು ಆಗುವುದಿಲ್ಲ, 10ಕ್ಕೆ ಇಳಿಸಿಬಿಡುತ್ತದೆ. ‘-ಇನ್‌ಪುಟ್_ಫಾರ್ಮ್ಯಾಟ್ ಎಂಜೆಪೆಗ್’ ಹಾಕಿ, ಕ್ಯಾಮೆರಾನೇ ಕುಗ್ಗಿಸಿ ಕಳಿಸುತ್ತದೆ. ಕ್ಯಾಮೆರಾ ಹೆಸರಿಸುವ ‘-ಐ’ಗಿಂತ ಮೊದಲೇ ಬರಬೇಕು, ಆಮೇಲೆ ಬರೆದರೆ ಕ್ಯಾಮೆರಾಗೆ ತಲುಪುವುದೇ ಇಲ್ಲ. ನಾನು ಇದೇ ತಪ್ಪಿಗೆ ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ.

ಕೀಫ್ರೇಮ್ ರಗಳೆಯೂ ಇದರದ್ದೇ ಬಾಲ. ದೃಶ್ಯ ಬದಲಾಗದಿದ್ದರೆ ಎಕ್ಸ್264 250 ಫ್ರೇಮಿಗೊಂದು ಕೀಫ್ರೇಮ್ ಹಾಕುತ್ತದೆ. ವೀಣೆ ಹಿಡಿದು ಕೂತವರ ದೃಶ್ಯ ಎಲ್ಲಿ ಬದಲಾಗಬೇಕು? ನಿಮ್ಮ 10ರ ಲೆಕ್ಕದಲ್ಲಿ 25 ಸೆಕೆಂಡ್ ಆಯಿತು. ಯೂಟ್ಯೂಬ್ ಹೇಳುವುದು 2 ಸೆಕೆಂಡ್, 4 ದಾಟಬಾರದು. ‘-ಜಿ 60’ ಕೊಡಿ, 60 ಫ್ರೇಮಿಗೊಂದು ಅಂದರೆ 30ರ ಲೆಕ್ಕದಲ್ಲಿ 2 ಸೆಕೆಂಡ್. ‘-ಪ್ರಿಸೆಟ್ ವೆರಿಫಾಸ್ಟ್’ ಇದ್ದರೆ ಲ್ಯಾಪ್‌ಟಾಪಿಗೆ ಕೆಲಸ ಕಡಿಮೆ, ಫ್ಯಾನಿಗೂ ಒಳ್ಳೆಯದು.

ಮೂರನೇ ಮಹಡಿ:
ಎಲ್ಲಿಂದಲೋ ಕಾಪಿ ಮಾಡಿದ ಕಮ್ಯಾಂಡಿನಲ್ಲಿ ‘-ಆರ್‌ಇ’ ಇದ್ದರೆ ಕಿತ್ತುಹಾಕಿ. ಅದು ಫೈಲ್ ಕಳಿಸುವಾಗ ಮಾತ್ರ, ಕ್ಯಾಮೆರಾಗೆ ಸುಮ್ನೆ ತೊಂದರೆ. ಮತ್ತೆ, ಕಮ್ಯಾಂಡ್ ಇಲ್ಲಿ ಹಾಕುವುದಾದರೆ ಸ್ಟ್ರೀಮ್ ಕೀ ಅಳಿಸಿ ಮಾರಾಯ್ರೇ. ಅದು ಸಿಕ್ಕರೆ ನಿಮ್ಮ ಚಾನೆಲ್ಲಿನಲ್ಲಿ ಯಾರು ಬೇಕಾದರೂ ಲೈವ್ ಬರಬಹುದು.

ವೀಣೆ ಮನೆ ಹುಡುಗ:
‘-ಆರ್‌ಇ’ ಇತ್ತು! ತೆಗೆದೆ. ಎಂಜೆಪೆಗ್ ಹಾಕಿದ ಮೇಲೆ 30 ಬಂತು, ‘-ಜಿ 60’ಕ್ಕೆ ಸ್ಟುಡಿಯೋ ಗೊಣಗಾಟ ನಿಂತಿದೆ. ಸಂಜೆ ಅಜ್ಜಿಗೆ ಲಿಂಕ್ ಕಳಿಸಿ ಇನ್ನೊಂದು ಟ್ರಯಲ್ ಮಾಡಿದೆವು. ‘ಹಾಂ, ಈಗ ಶುರುವಾಯ್ತು’ ಅಂತ ಅಜ್ಜಿ ಫೋನಿನಲ್ಲಿ ಹೇಳುವಷ್ಟರಲ್ಲಿ ಇಲ್ಲಿ ಗೀತೆಯ ಮೊದಲ ಸಾಲು ಮುಗಿದಿತ್ತು. ಅಷ್ಟು ತಡ ಇರಲಿ ಬಿಡಿ.