ಮದುವೆ ವಿಡಿಯೊ ಎಡಿಟ್ ಮಾಡೋನು ಡಾಕ್ಯುಮೆಂಟರಿಗೆ ಬರಬಹುದಾ?

ದಾವಣಗೆರೆ ಹುಡುಗ:
ನಮಸ್ಕಾರ. ಇಲ್ಲೊಂದು ಸ್ಟುಡಿಯೊದಲ್ಲಿ ಮದುವೆ, ಗೃಹಪ್ರವೇಶದ ವಿಡಿಯೊ ಎಡಿಟ್ ಮಾಡ್ತೀನಿ. ಪ್ರೀಮಿಯರ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ಚೆನ್ನಾಗಿ ಬರುತ್ತೆ. ಡಾಕ್ಯುಮೆಂಟರಿ ಎಡಿಟರ್ ಆಗ್ಬೇಕು, ಮುಂದೆ ಡೈರೆಕ್ಷನ್ನೂ ಮಾಡ್ಬೇಕು ಅಂತ ಆಸೆ. ‘ಎಡಿಟಿಂಗ್ ರೂಮಲ್ಲಿ ಕೂತೋರು ಡೈರೆಕ್ಟರ್ ಆಗಲ್ಲ, ಕ್ಯಾಮೆರಾ ಹಿಡಿ’ ಅಂತಾರೆ ಗೆಳೆಯರು. ಹೌದಾ? ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ (ಎಫ್‌ಟಿಐಐ) ಹೋಗ್ಲೇಬೇಕಾ? ಹೊಟ್ಟೆಪಾಡು ನಡೆಯುತ್ತಾ?

ಕತ್ತರಿ ಅಕ್ಕ, ಬೆಂಗಳೂರು:
ಗೆಳೆಯರ ಮಾತು ಬಿಡು ತಮ್ಮಾ. ಕಥೆ ಸಿನಿಮಾಕ್ಕೆ ಸ್ಕ್ರಿಪ್ಟ್ ಮೊದಲೇ ಇರುತ್ತೆ. ನಮ್ಮ ಡಾಕ್ಯುಮೆಂಟರಿಯಲ್ಲಿ ಅರ್ಧ ಸ್ಕ್ರಿಪ್ಟ್ ಹುಟ್ಟೋದೇ ಎಡಿಟಿಂಗ್‌ನಲ್ಲಿ. ಡಾಕ್ಯುಮೆಂಟರಿ ಮಾಡೋ ರೀನಾ ಮೋಹನ್ ಅವರನ್ನೇ ನೋಡು, ಪುಣೆ ಎಫ್‌ಟಿಐಐನಲ್ಲಿ ಕಲಿತದ್ದು ಎಡಿಟಿಂಗ್. ಆಮೇಲೆ ‘ಕಮಲಾಬಾಯಿ’ ನಿರ್ದೇಶಿಸಿದ್ರು. ಗಂಡಸರೇ ಸೀರೆ ಉಟ್ಟು ಹೆಣ್ಣಿನ ಪಾತ್ರ ಮಾಡ್ತಿದ್ದ ಕಾಲದಲ್ಲಿ, 1913ರಲ್ಲಿ, ನಮ್ಮ ಸಿನಿಮಾದ ಮೊದಲಿಗರಲ್ಲೊಬ್ಬರಾದ ದಾದಾಸಾಹೇಬ್ ಫಾಲ್ಕೆಯವರ ‘ಮೋಹಿನಿ ಭಸ್ಮಾಸುರ’ದಲ್ಲಿ ಮೋಹಿನಿಯಾದ ಕಮಲಾಬಾಯಿ ಗೋಖಲೆ ಮೇಲಿನ ಚಿತ್ರ ಅದು. (ಪಾರ್ವತಿಯಾಗಿದ್ದು ಅವರಮ್ಮ ದುರ್ಗಾಬಾಯಿ!) ನಿರ್ದೇಶಕಿ ಆದ್ಮೇಲೂ ರೀನಾ ಬೇರೆಯವರ ಚಿತ್ರ ಎಡಿಟ್ ಮಾಡೋದು ಬಿಡಲಿಲ್ಲ. ಡಾಕ್ಯುಮೆಂಟರಿ ನಿರ್ದೇಶಕ ಆನಂದ್ ಪಟವರ್ಧನ್ ಅಂತೂ ತಮ್ಮ ಚಿತ್ರಗಳನ್ನ ತಾವೇ ಎಡಿಟ್ ಮಾಡೋರು.

ಮದುವೆ ವಿಡಿಯೊದಲ್ಲಿ ಹಾಡು ಹಾಕಿದ್ರೆ ಎಲ್ಲ ಮುಚ್ಚಿಹೋಗುತ್ತೆ. ಇಲ್ಲಿ ಹಾಗಲ್ಲ. ಒಮ್ಮೆ ಕಲಬುರಗಿ ಕಡೆಯ ಅಜ್ಜಿಯೊಬ್ಬರ ಸಂದರ್ಶನ ನನ್ನ ಕೈಗೆ ಬಂತು. ಮಾತು ಬಂಗಾರ, ಆದ್ರೆ ಹಿಂದೆ ಫ್ರಿಜ್ಜು ಗುಂಯ್ ಅಂತಿದೆ. ಎರಡು ವಾಕ್ಯ ಜೋಡಿಸಿದಲ್ಲೆಲ್ಲ ಆ ಗುಂಯ್ ಟಕ್ ಅಂತ ನಿಂತು, ಬೇರೆ ಥರ ಶುರುವಾಗುತ್ತೆ. ಯಾರೂ ಮಾತಾಡದೆ ಆ ಕೋಣೆ ಸದ್ದನ್ನ ಅರ್ಧ ನಿಮಿಷ ರೆಕಾರ್ಡ್ ಮಾಡಿದ್ರೆ ಸಾಕಿತ್ತು, ಶೂಟಿಂಗ್‌ನವರು ಮಾಡಿರಲಿಲ್ಲ. ಅಜ್ಜಿ ಎಲೆಗೆ ಸುಣ್ಣ ಹಚ್ತಾ ಸುಮ್ಮನಿದ್ದ ಕಡೆಯಿಂದೆಲ್ಲ ಚೂರುಚೂರು ಹೆಕ್ಕಿ, ಜೋಡಣೆಗಳ ಕೆಳಗೆ ಹಾಸಿದೆ. ಇಂಥ ಫಜೀತಿ ಪಟ್ಟೋರಿಗೆ ಶೂಟಿಂಗ್ ಜಾಗಕ್ಕೆ ಕಾಲಿಟ್ಟ ಕೂಡ್ಲೇ ಏನು ಕೇಳ್ಬೇಕು ಅಂತ ಗೊತ್ತಿರುತ್ತೆ.

ಈಗಿಂದಲೇ ಒಂದು ಅಭ್ಯಾಸ ಮಾಡ್ಕೋ. ಸಂದರ್ಶನವನ್ನ ಟೈಮ್‌ಕೋಡ್ (ಯಾವ ಮಾತು ಎಷ್ಟನೇ ನಿಮಿಷ-ಸೆಕೆಂಡಲ್ಲಿದೆ ಅನ್ನೋ ಗುರುತು) ಸಮೇತ ಅಕ್ಷರಕ್ಕಿಳಿಸು, ಪ್ರಿಂಟ್ ತೆಗೆದು ಗುರುತು ಹಾಕು. ಆಮೇಲೆ ಮತ್ತೆ ಕೇಳು. ಕಾಗದದಲ್ಲಿ ಚೆಂದ ಕಂಡ ಎಷ್ಟೋ ಮಾತು ದನಿಯಲ್ಲಿ ಸಪ್ಪೆ ಇರುತ್ತೆ.

ಹೊಟ್ಟೆಪಾಡಾ? ಬರೀ ಡಾಕ್ಯುಮೆಂಟರಿಯಿಂದ ಮನೆ ಬಾಡಿಗೆ ಕಟ್ಟಿದ ವರ್ಷ ನನಗಿಲ್ಲ. ಕಂಪನಿ ವಿಡಿಯೊ, ಎನ್‌ಜಿಒ ವಿಡಿಯೊ ಮಾಡ್ತಾನೇ ಇರ್ತೀನಿ. ಮದುವೆ ಕೆಲಸ ಬಿಡಬೇಡ.

ಧಾರವಾಡದ ಮಂದಿ:
ಪುಣೆಗೇ ಹೋಗ್ಬೇಕಂತೇನಿಲ್ರಿ. ಕೋಲ್ಕತ್ತಾದಾಗ ಸತ್ಯಜಿತ್ ರೇ ಹೆಸರಿನ ಸಂಸ್ಥೆ ಐತಿ, ಅಲ್ಲೂ ಎಡಿಟಿಂಗ್ ಕಲಿಸ್ತಾರ. ಎರಡಕ್ಕೂ ಡಿಗ್ರಿ ಬೇಕು, ಪ್ರವೇಶ ಪರೀಕ್ಷೆ ಬರೀಬೇಕು. ಅದಕ್ಕೂ ಮೊದ್ಲು ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕ ಹೋಗಿ ಬರ್ರಿ. 1990ರಿಂದ ಎರಡು ವರ್ಷಕ್ಕೊಮ್ಮೆ ನಡೀತದ, ಡಾಕ್ಯುಮೆಂಟರಿ, ಕಿರುಚಿತ್ರ, ಅನಿಮೇಷನ್‌ಗಂತನ ಇರೋದು.

ದಾವಣಗೆರೆ ಹುಡುಗ:
ಥ್ಯಾಂಕ್ಸ್ ಅಕ್ಕ, ಸರ್. ನಮ್ಮ ಓಣಿಯಲ್ಲಿ ಹಳೇ ಕಾಟನ್ ಮಿಲ್ಲಲ್ಲಿ ದುಡಿದ ಅಜ್ಜಂದಿರಿದ್ದಾರೆ, ಅವರಿಂದಲೇ ಶುರು ಮಾಡ್ತೀನಿ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರ್‌ನ ಫ್ರೀ ವರ್ಷನ್ ಸಾಕಾಗುತ್ತಾ?

ಕತ್ತರಿ ಅಕ್ಕ, ಬೆಂಗಳೂರು:
ಧಾರಾಳವಾಗಿ. ಉಳಿದ ದುಡ್ಡಲ್ಲಿ ಒಂದು ಒಳ್ಳೆ ಕಾಲರ್ ಮೈಕ್ ತಗೋ, ಎರಡು ಹಾರ್ಡ್ ಡಿಸ್ಕ್ ತಗೋ. ಒಂದರಲ್ಲಿರೋದೆಲ್ಲ ಇನ್ನೊಂದರಲ್ಲೂ ಇರಬೇಕು. ಅಜ್ಜಂದಿರ ಹತ್ರ ಮಿಲ್ಲಿನ ಗುರುತಿನ ಚೀಟಿ, ಹಳೇ ಫೋಟೊ ಇದ್ರೆ ಅದೇ ದಿನ ಶೂಟ್ ಮಾಡ್ಕೊಂಡು ಬಾ.