ಒಂದು ತಕರಾರಿಗೆ ಒಂದು ಸ್ಕ್ರೂ

"ಬಂದೇ ಬಿಡ್ತು!" ವಾಸು ಬಾಗಿಲಲ್ಲೇ ಕೂಗಿದ.

"ಏನು, ಸಂಬಳವಾ?" ಜಯಕ್ಕ ತಲೆ ಎತ್ತಲಿಲ್ಲ.

"ಲ್ಯಾಪ್‌ಟಾಪ್ ಅಕ್ಕಾ! ಫ್ರೇಮ್‌ವರ್ಕ್ ಅನ್ನೋ ಕಂಪನಿಯವರ ಹೊಸದು. ಎಲ್ಲಾ ಬಿಚ್ಚಬಹುದು. ಬ್ಯಾಟರಿ, ಕೀಬೋರ್ಡು, ಪರದೆ, ಮದರ್‌ಬೋರ್ಡು, ಕೊನೆಗೆ ಚಾರ್ಜರ್ ಚುಚ್ಚೋ ಪೋರ್ಟು ಕೂಡ. ಬಿಚ್ಚೋಕೆ ಸ್ಕ್ರೂಡ್ರೈವರನ್ನೂ ಅವರೇ ಡಬ್ಬಿಯೊಳಗೆ ಇಟ್ಟು ಕಳಿಸ್ತಾರೆ."

"ತಗೊಂಡ್ಯಾ?"

"ಇಲ್ಲ. ಬಂದಿದೆ ಅಂತ ಓದ್ದೆ."

ಇದು ಹೊಸ ಸುದ್ದಿಯೇನಲ್ಲ. 2021ರಲ್ಲಿ ಇವರ ಮೊದಲ ಲ್ಯಾಪ್‌ಟಾಪ್ ಬಂದಾಗಲೂ ವಾಸು ಹೀಗೇ ಓಡಿ ಬಂದಿದ್ದ. ಒಳಗಿದ್ದದ್ದು ಇಂಟೆಲ್‌ನ ಹನ್ನೊಂದನೇ ತಲೆಮಾರಿನ ಚಿಪ್ಪು. "ಹನ್ನೆರಡನೇದು ಬರಲಿ, ಕಣ್ಮುಚ್ಚಿ ತಗೋತೀನಿ" ಅಂದ. 2022ರಲ್ಲಿ ಹನ್ನೆರಡನೇದು ಬಂತು. "ಇಂಟೆಲ್ ಬೇಡ, ಎಎಂಡಿ ಚಿಪ್ಪಿಂದು ಬರಲಿ" ಅಂದ. 2023ರಲ್ಲಿ ಎಎಂಡಿ ರೈಜನ್ನೂ ಬಂತು. "ಪರದೆ ಸಣ್ಣದಾಯ್ತು" ಅಂದ. 2024ರ ಶುರುವಿಗೆ 16 ಇಂಚಿನದು ಜನರ ಕೈಸೇರಿತು. "ಇದನ್ನ ಹೊರೋರು ಯಾರು?" ಅಂದ. 2025ರಲ್ಲಿ 12 ಇಂಚಿನದು ಬಂದಾಗ "ಮಕ್ಕಳಾಟಿಕೆ" ಅಂದ.

"ಲೋ, ಮೊದಲನೇದನ್ನೇ ತಗೊಂಡಿದ್ರೆ ಆಮೇಲೆ ಬಂದ 13 ಇಂಚಿನ ಬೋರ್ಡುಗಳೆಲ್ಲ ಅದೇ ಡಬ್ಬಿಯೊಳಗೆ ಕೂರ್ತಿದ್ವು ಕಣೋ" ಅಂದಳು ಜಯಕ್ಕ. "ಮುಂದಿನದಕ್ಕೆ ಕಾಯೋದು ಬೇಡ ಅಂತಲೇ ಅವರು ಹಾಗೆ ಮಾಡಿರೋದು. ನೀನು ಅದಕ್ಕೂ ಕಾಯ್ತೀಯ."

ವಾಸು ಕೇಳಿಸದವನ ಹಾಗೆ ತನ್ನ ಹಳೇ ಲ್ಯಾಪ್‌ಟಾಪು ತೆರೆದು ಮೇಜಿನ ಮೇಲಿಟ್ಟ. ಅದು ಕೂತ ಕೂಡಲೇ ಬುಸುಗುಟ್ಟತೊಡಗಿತು. ಪುಟ ಒಂದು ತೆರೆಯೋಕೆ ಎಷ್ಟು ಹೊತ್ತಾಯಿತೆಂದರೆ ಅಷ್ಟರಲ್ಲಿ ಗುಂಡಣ್ಣನೂ ಮೂರ್ತಿಯೂ ಬಂದು, ಕುರ್ಚಿ ಎಳಕೊಂಡು, ವಿಷಯ ಏನೆಂದು ಕೇಳಿ, ಅಭಿಪ್ರಾಯಾನೂ ಕೊಟ್ಟು ಮುಗಿಸಿದ್ದರು.

ಗುಂಡಣ್ಣನ ಅಭಿಪ್ರಾಯ: "ಒಳ್ಳೇದೇ. ಬಿಚ್ಚೋ ಹಾಗಿದೆ ಅಂದ್ಮೇಲೆ ದಪ್ಪ ಇರತ್ತೆ, ನಂಗೆ ಬೇಡ."

ಮೂರ್ತಿಯದು: "ತುಂಬಾ ಒಳ್ಳೇದು. ಎರಡು ವರ್ಷಕ್ಕೆ ಕಂಪನಿ ಮುಚ್ಚತ್ತೆ, ನಂಗೂ ಬೇಡ."

ಜಯಕ್ಕನಿಗೆ ಅಲ್ಲಿಗೆ ಸಾಕಾಯಿತು. ಇಂಥ ಲ್ಯಾಪ್‌ಟಾಪು ಬಂದಾಗಲೆಲ್ಲ ಜಗತ್ತಿನ ಬಾಯಲ್ಲಿ ಬರೋದು ಈ ಎರಡೇ ಮಾತು, ಮೊದಲು ಚಪ್ಪಾಳೆ, ಬೆನ್ನಿಗೇ ತಕರಾರು. ಚಪ್ಪಾಳೆ ಹೊಡೆದವರೆಲ್ಲ ಒಂದೊಂದು ತಗೊಂಡಿದ್ದರೆ ಆ ಕಂಪನಿ ಇಷ್ಟು ಹೊತ್ತಿಗೆ ಎಲ್ಲಿರ್ತಿತ್ತೋ. ಅವಳು ಡ್ರಾಯರಿನಿಂದ ಸ್ಟಾರ್ ಸ್ಕ್ರೂಡ್ರೈವರ್ ತೆಗೆದಳು.

"ವಾಸು, ಅದನ್ನ ಆಫ್ ಮಾಡಿ ಬೋರಲು ಹಾಕು. ಇನ್ನು ಮೇಲೆ ಒಂದು ತಕರಾರಿಗೆ ಒಂದು ಸ್ಕ್ರೂ."

"ಅಕ್ಕಾ! ವಾರಂಟಿ ಹೋಗತ್ತೆ!"

"ನಿನ್ನ ವಾರಂಟಿ ಹೋಗಿ ಅದರ ತಿಥಿಯೂ ಆಯ್ತು. ಇದು ಒಂದು." ಮೊದಲ ಸ್ಕ್ರೂ ಕಿರ್ ಎಂದು ಮೇಲೆದ್ದಿತು.

"ಹಾಗಂತ ಬಿಚ್ಚಿದ ತಕ್ಷಣ ವಾರಂಟಿ ಹೋಗಲ್ವಂತೆ," ಅಂದ ಮೂರ್ತಿ. ಇಂಥ ವಿಷಯಗಳೆಲ್ಲ ಮೂರ್ತಿಯ ನಾಲಗೆ ತುದಿಯಲ್ಲಿ. "ಅಮೆರಿಕದಲ್ಲಿ ಈ 'ಸ್ಟಿಕ್ಕರ್ ಕಿತ್ತರೆ ವಾರಂಟಿ ಇಲ್ಲ' ಅಂತ ಅಂಟಿಸ್ತಾರಲ್ಲ, ಅದಕ್ಕೆ 2018ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನು ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆದಿತ್ತು. ಹಾಗೆ ಹೆದರಿಸೋ ಹಾಗಿಲ್ಲ ಅಂತ 1975ರ ಕಾನೂನೇ ಇದೆ."

"ಆ ಕಾನೂನು ಗೊತ್ತಿದ್ದೂ ನೀನು ಯಾವತ್ತಾದ್ರೂ ಬಿಚ್ಚಿದೀಯಾ?"

"ಸ್ಟಿಕ್ಕರ್ ಮೇಲೆ ಹಾಗೆ ಬರೆದಿತ್ತಲ್ಲ."

ಜಯಕ್ಕ ಒಂದು ಖಾಲಿ ಹಾಳೆ ತಗೊಂಡು ಲ್ಯಾಪ್‌ಟಾಪಿನ ಹೊಟ್ಟೆಯ ಚಿತ್ರ ಬರೆದಳು. ಹಿಂದುಗಡೆ, ಕೀಲಿನ ಹತ್ತಿರದ ಸ್ಕ್ರೂಗಳು ಉದ್ದ, ಮುಂದಿನವು ಗಿಡ್ಡ. ಉದ್ದದ್ದನ್ನ ಗಿಡ್ಡದರ ಜಾಗದಲ್ಲಿ ತಿರುಗಿಸಿದರೆ ಕೀಬೋರ್ಡಿನ ಕಡೆ ಉಬ್ಬು ಬರುತ್ತೆ. ಹಾಗಾಗಿ ಬಿಚ್ಚಿದ ಸ್ಕ್ರೂವನ್ನು ಚಿತ್ರದಲ್ಲಿ ಅದರದೇ ಜಾಗದಲ್ಲಿಟ್ಟು, ಗುಂಡಣ್ಣನ ಕಡೆ ತಿರುಗಿದಳು.

"ಏನಂದೆ, ದಪ್ಪವಾ? ಆ ಮೊದಲ ಫ್ರೇಮ್‌ವರ್ಕಿನ ದಪ್ಪ 15.85 ಮಿಲಿಮೀಟರು. ಅದಕ್ಕೂ ಹಿಂದಿನ ವರ್ಷ, 2020ರಲ್ಲಿ ಬಂದ ಎಂ1 ಮ್ಯಾಕ್‌ಬುಕ್ ಏರ್ ದಪ್ಪ ಕಡೆ ಅಳೆದ್ರೆ 16.1. ತೂಕ ಎರಡೂ ಕಡೆ 1.3 ಕೆಜಿ ಆಸುಪಾಸು. ಯಾವುದಯ್ಯಾ ದಪ್ಪ?"

"ಮ್ಯಾಕು ಮುಂದುಗಡೆ ಚೂಪಾಗತ್ತಲ್ಲ, ತೆಳ್ಳಗೆ ಕಾಣತ್ತೆ."

"ಕಾಣೋದಕ್ಕೆ ಇನ್ನೊಂದು ಸ್ಕ್ರೂ."

ಗುಂಡಣ್ಣನ ತೆಳುಪ್ರೇಮದ ಕಥೆ ನಮಗೆಲ್ಲ ಗೊತ್ತಿರೋದೇ. ಅವನ ಹಿಂದಿನ ಲ್ಯಾಪ್‌ಟಾಪು, ಕಂಪನಿ ಹೆಸರು ಬೇಡ, ಎಷ್ಟು ತೆಳ್ಳಗಿತ್ತೆಂದರೆ ಪತ್ರಿಕೆಗಳ ಜೊತೆ ಸೇರಿಹೋಗಿ ಒಮ್ಮೆ ರದ್ದಿಗೆ ಹೋಗೋದರಲ್ಲಿತ್ತು. ಒಂದು ದಿನ ಅದರ ಟಚ್‌ಪ್ಯಾಡು ಒತ್ತಿದರೆ ಟಿಕ್ ಅನ್ನೋದು ನಿಂತಿತು. ಮೇಜು ಓರೆಯಿದೆ ಅಂದುಕೊಂಡು ಮೇಜಿನ ಕಾಲಿಗೆ ಕಾಗದ ಮಡಚಿ ಇಟ್ಟ. ಆಮೇಲೆ ಲ್ಯಾಪ್‌ಟಾಪು ಇಟ್ಟಲ್ಲೇ ಗಿರಗಿರ ತಿರುಗತೊಡಗಿತು. ಬ್ಯಾಟರಿ ಊದಿತ್ತು. ರಿಪೇರಿಯವರು ಬ್ಯಾಟರಿ ಅಂಟಿನಲ್ಲಿ ಕೂತಿದೆ, ಕೀಬೋರ್ಡು ಸಮೇತ ಮೇಲಿನ ಭಾಗವನ್ನೇ ಬದಲಾಯಿಸಬೇಕು ಅಂದರು. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಅವನು ಇನ್ನೂ ತೆಳ್ಳಗಿನದು ತಗೊಂಡ.

"ದಪ್ಪ ಬೇಡ ಅಂತ ತಗೊಂಡ್ಯಲ್ಲ, ಕೊನೆಗೆ ತಾನೇ ದಪ್ಪ ಆಯ್ತು ನೋಡು," ಅಂದಳು ಜಯಕ್ಕ.

"ಇನ್ಮೇಲೆ ಹಾಗಾಗಲ್ಲ ಬಿಡು," ಅಂದ ಮೂರ್ತಿ. "ಐರೋಪ್ಯ ಒಕ್ಕೂಟ 2023ರಲ್ಲೇ ಕಾನೂನು ಮಾಡಿದೆ. 2027ರ ಫೆಬ್ರುವರಿಯಿಂದ ಇಂಥ ಬ್ಯಾಟರಿಗಳನ್ನ ಕೊಂಡವರೇ ತೆಗೆದು ಬದಲಾಯಿಸೋ ಹಾಗಿರಬೇಕಂತೆ. ಆದರೂ ನಂಗೆ ಈ ಫ್ರೇಮ್‌ವರ್ಕ್ ಮೇಲೆ ನಂಬಿಕೆ ಇಲ್ಲ. ಗೂಗಲ್‌ನೋರು ಪ್ರಾಜೆಕ್ಟ್ ಆರಾ ಅಂತ ಬಿಡಿಭಾಗ ಜೋಡಿಸೋ ಫೋನ್ ತರ್ತೀವಿ ಅಂತ ಆಸೆ ಹುಟ್ಟಿಸಿ, 2016ರಲ್ಲಿ ಕೈಬಿಡಲಿಲ್ವಾ?"

"ಗೂಗಲ್ ಮೇಲಿನ ಸಿಟ್ಟನ್ನ ಇವರ ಮೇಲೆ ತೀರಿಸ್ಕೊಂಡಿದ್ದಕ್ಕೆ ಮೂರನೇದು."

"ಇವರೇನು ಸಾಚಾನಾ? 2025ರಲ್ಲಿ ಡೆಸ್ಕ್‌ಟಾಪ್ ತಂದ್ರಲ್ಲ, ಅದರಲ್ಲಿ ರ‍್ಯಾಮ್ ಬಿಚ್ಚೋಕಾಗದ ಹಾಗೆ ಬೆಸುಗೆ ಹಾಕಿಬಿಟ್ಟಿದಾರೆ! ರಿಪೇರಿ ರಿಪೇರಿ ಅಂತ ಬೋಧನೆ ಮಾಡೋರೇ!" ಮೂರ್ತಿಯ ದನಿ ನಡುಗಿತು. ಅವನಿಗೆ ದ್ರೋಹವಾಗಿತ್ತು. ತಾನು ಕೊಳ್ಳದ ಲ್ಯಾಪ್‌ಟಾಪಿನ ಕಂಪನಿ, ತಾನು ಕೊಳ್ಳಲಾರದ ಡೆಸ್ಕ್‌ಟಾಪಿನಲ್ಲಿ ಮಾಡಿದ ದ್ರೋಹ.

ವಾಸು ಸಮಾಧಾನ ಹೇಳಿದ. ಆ ಚಿಪ್ಪಿಗೂ ರ‍್ಯಾಮಿಗೂ ನಡುವಿನ ದಾರಿ 256 ಬಿಟ್ ಅಗಲ, ವೇಗ ಜಾಸ್ತಿ, ಬಿಚ್ಚಿ ಹಾಕೋ ಥರದ ಮೆಮೊರಿ ಇಟ್ಟರೆ ಸಂಕೇತ ಕೆಡುತ್ತೆ, ಎಎಂಡಿಯವರೊಂದಿಗೆ ಸೇರಿ ಯತ್ನ ಮಾಡಿಯೂ ಆಗಲಿಲ್ಲವಂತೆ. ಮೂರ್ತಿ ಒಪ್ಪಲಿಲ್ಲ. ನಾಲ್ಕನೇ ಸ್ಕ್ರೂ ಬಂತು.

ಅಲ್ಲಿಂದ ಮುಂದೆ ತಕರಾರಿಗೆ ಬರವೇ ಇರಲಿಲ್ಲ. ಗುಂಡಣ್ಣ, "ಬರೀ ನಾಲ್ಕೇ ಪೋರ್ಟಾ?" ಅಂದ. ಅವು ಬರೀ ಪೋರ್ಟಲ್ಲ, ಎಚ್‌ಡಿಎಂಐ ಬೇಕಾದ ದಿನ ಎಚ್‌ಡಿಎಂಐ, ಮೆಮೊರಿ ಕಾರ್ಡು ಬೇಕಾದ ದಿನ ಅದು, ಬದಿಯಿಂದ ತಳ್ಳಿ ಕೂರಿಸೋ ಪುಟ್ಟ ಬಿಲ್ಲೆಗಳು ಅಂತ ವಾಸು ವಿವರಿಸಿದ. "ಅದಿರಲಿ, ನಿನ್ನದರಲ್ಲಿ ಎಷ್ಟಿದೆ?" ಕೇಳಿದಳು ಜಯಕ್ಕ. "ಎರಡು" ಅಂದ ಗುಂಡಣ್ಣ. ಐದು. ಮೂರ್ತಿಗೆ ಕೀಬೋರ್ಡಿನ ಮಧ್ಯೆ, ಜಿ, ಎಚ್, ಬಿ ಅಕ್ಷರಗಳ ಸಂದಿಯಲ್ಲಿ, ಮೌಸಿನ ಬಾಣ ಓಡಿಸೋ ಥಿಂಕ್‌ಪ್ಯಾಡಿನ ಕೆಂಪು ಗುಂಡಿ ಬೇಕೇ ಬೇಕು. ಅದಿಲ್ಲದ ಲ್ಯಾಪ್‌ಟಾಪು ಅವನ ಪ್ರಕಾರ ಮುಖಕ್ಕೆ ಮೂಗಿಲ್ಲದ ಹಾಗೆ. ಆರು. ವಾಸುವಿಗೂ ತಡೆಯಲಾಗಲಿಲ್ಲ: "ಮೊದಲು ಬಂದಿದ್ದರ ಕೀಲು ಸ್ವಲ್ಪ ಸಡಿಲ, ಕೈಲಿ ಎತ್ತಿದ್ರೆ ಪರದೆ ಹಿಂದಕ್ಕೆ ಬೀಳತ್ತೆ ಅಂತಾರೆ."

"ಅದಕ್ಕೇನು ಮಾಡಿದ್ರು?"

"ಬಿಗಿ ಕೀಲು ಮಾಡಿ ಬಿಡಿಯಾಗಿ ಮಾರಿದ್ರು. ಹಳೇದಕ್ಕೇ ಹಾಕ್ಕೋಬಹುದು."

"ಸರಿಯಾದ ಮೇಲೂ ಇರೋ ತಕರಾರಿಗೆ ಏಳು."

"ದುಬಾರಿ ಕಣಕ್ಕಾ," ಅಂದ ಗುಂಡಣ್ಣ, ಮೂರು ವರ್ಷಕ್ಕೊಂದು ಲ್ಯಾಪ್‌ಟಾಪು ಬದಲಾಯಿಸುವ ಗುಂಡಣ್ಣ. ಜಯಕ್ಕ ಏನೂ ಹೇಳದೆ ಎಂಟನೇದನ್ನ ಬಿಚ್ಚಿದಳು.

ಮುಚ್ಚಳ ಅಲುಗಲಿಲ್ಲ. ಅವಳು ಉಗುರಿನಿಂದ ಕೆಳಗಿನ ರಬ್ಬರ್ ಪಟ್ಟಿ ಎಬ್ಬಿಸಿದಳು. ಅದರಡಿ ಇನ್ನೆರಡು ಅಡಗಿದ್ದವು. "ನೋಡಿದ್ರಾ, ಫ್ರೇಮ್‌ವರ್ಕ್‌ನಲ್ಲಿ ಐದೇ ಸ್ಕ್ರೂ. ಅವೂ ಕಳಚಿ ಬೀಳಲ್ಲ, ಮುಚ್ಚಳಕ್ಕೇ ನೇತಾಡ್ಕೊಂಡಿರತ್ತೆ. ಕೀಬೋರ್ಡಿನ ಫಲಕ ಅಯಸ್ಕಾಂತದಲ್ಲಿ ನಿಂತಿರತ್ತೆ. ಒಳಗಿನ ಪ್ರತಿ ಭಾಗದ ಮೇಲೂ ಕ್ಯೂಆರ್ ಕೋಡು, ಸ್ಕ್ಯಾನ್ ಮಾಡಿದ್ರೆ ಹೇಗೆ ಬಿಚ್ಚೋದು ಅಂತ ಪುಟ ಬರತ್ತೆ. ಬಿಚ್ಚಿ ನೋಡಿ, ರಿಪೇರಿ ಎಷ್ಟು ಸುಲಭ ಅಂತ ಅಂಕ ಹಾಕೋ ಐಫಿಕ್ಸಿಟ್‌ನೋರು ಹತ್ತಕ್ಕೆ ಹತ್ತು ಕೊಟ್ಟಿದ್ದು ಸುಮ್ನೆ ಅಲ್ಲ."

"2012ರಲ್ಲಿ ರೆಟಿನಾ ಪರದೆಯ ಮ್ಯಾಕ್‌ಬುಕ್ ಪ್ರೋಗೆ ಅದೇ ಐಫಿಕ್ಸಿಟ್ ಹತ್ತಕ್ಕೆ ಒಂದು ಕೊಟ್ಟಿತ್ತು," ಅಂದ ಮೂರ್ತಿ. "ರ‍್ಯಾಮಿಗೆ ಬೆಸುಗೆ, ಬ್ಯಾಟರಿಗೆ ಅಂಟು. ಜನ ಮುಗಿಬಿದ್ದು ಕೊಂಡ್ರು."

"ಅಂಕ ಕೊಡೋರು ಒಬ್ರು, ದುಡ್ಡು ಕೊಡೋರು ಇನ್ನೊಬ್ರು."

"ಒಂದೇ ಒಂದು ಡೌಟು," ಗುಂಡಣ್ಣ ಹುಷಾರಾಗಿ ಶುರುಮಾಡಿದ. "ಇದು ತಕರಾರಲ್ಲ. ಹೊಸ ಬೋರ್ಡು ಹಾಕಿದ್ಮೇಲೆ ಹಳೇ ಬೋರ್ಡು ಕಸವೇ ತಾನೇ?"

ವಾಸು ಕುರ್ಚಿಯ ತುದಿಗೆ ಬಂದ. "ಅದೇ ಮಜಾ! ಹಳೇ ಬೋರ್ಡು ಒಂಟಿಯಾಗೂ ಓಡತ್ತೆ. ಕೂಲರ್ ಮಾಸ್ಟರ್‌ನೋರು ಅದಕ್ಕಂತಲೇ ಪುಟ್ಟ ಡಬ್ಬಿ ಮಾಡಿದಾರೆ. ಒಳಗೆ ಕೂರಿಸಿದ್ರೆ ಇನ್ನೊಂದು ಕಂಪ್ಯೂಟರು! ಅದಕ್ಕೊಂದು ಪರದೆ, ಕೀಬೋರ್ಡು, ರ‍್ಯಾಮು ತಗೊಂಡ್ರೆ ಆಯ್ತು. ಎರಡು ವರ್ಷ ಬಿಟ್ಟು ಮತ್ತೆ ಬೋರ್ಡು ಬದಲಾಯಿಸಿದ್ರೆ ಮೂರನೇದು."

"ರಕ್ತಬೀಜಾಸುರನ ಸಂಸಾರ," ಅಂದಳು ಜಯಕ್ಕ. "ಕಸ ಕಡಿಮೆ ಆಗಲಿ ಅಂತ ಮಾಡಿದ್ದು, ಒಂದೊಂದು ಹನಿಗೂ ಒಂದೊಂದು ಕಂಪ್ಯೂಟರು ಎದ್ದು ನಿಲ್ಲತ್ತೆ. ಇದು ಒಂಬತ್ತು. ಡೌಟಿಗಲ್ಲ ಗುಂಡಣ್ಣ, ಉತ್ತರಕ್ಕೆ."

ಎಲ್ಲರೂ ನಕ್ಕರು. ಮೂರ್ತಿ ಮಾತ್ರ ಬೋರಲು ಬಿದ್ದಿದ್ದ ಲ್ಯಾಪ್‌ಟಾಪನ್ನೇ ನೋಡ್ತಿದ್ದ.

"ಮುಂಚೆ ಇಲ್ಲೊಂದು ಬಾಗಿಲು ಇರ್ತಿತ್ತು," ಅಂದ. "ಹೊಟ್ಟೆ ಕೆಳಗೆ ಸಣ್ಣ ಬಾಗಿಲು, ಅದರ ಮೇಲೆ ರ‍್ಯಾಮಿನ ಚಿತ್ರ. ಪಕ್ಕದಲ್ಲಿ ಹಾರ್ಡ್ ಡಿಸ್ಕಿಂದು. ಒಂದೇ ಸ್ಕ್ರೂ. ಬ್ಯಾಟರಿಗೆ ಎರಡು ಚಿಲಕ, ಎರಡನ್ನೂ ಹೊರಕ್ಕೆ ಎಳೆದ್ರೆ ಟಕ್ ಅಂತ ಕೈಗೆ ಬರ್ತಿತ್ತು. ಮಗಳು ಚಿಕ್ಕವಳಿದ್ದಾಗ ಇದರೊಳಗೆ ಏನಿದೆ ಅಪ್ಪಾ ಅಂತ ಕೇಳಿದ್ಲು, ತೆಗೆದು ತೋರಿಸಿದ್ದೆ. ಇದು ನೆನಪಿಟ್ಕೊಳ್ಳತ್ತೆ, ಇದು ಗಾಳಿ ಬೀಸತ್ತೆ ಅಂತ. ಅವಳೇ ಮೊನ್ನೆ ಮೊನ್ನೆ ಒಂದು ಟ್ಯಾಬ್ಲೆಟ್ ತಂದುಕೊಟ್ಲು. ಮೊಮ್ಮಗ ಅದನ್ನ ಹಿಡಕೊಂಡು ಕೂತಿರ್ತಾನೆ. ಅವನು ಕೇಳಲ್ಲ. ಒಳಗೆ ಅಂತ ಒಂದು ಇದೆ ಅನ್ನೋದೇ ಅವನಿಗೆ ಗೊತ್ತಿಲ್ಲ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಇದಕ್ಕೆ ಸ್ಕ್ರೂ ಇಲ್ಲ ಮೂರ್ತಿ," ಅಂದಳು ಜಯಕ್ಕ.

ಕೊನೆಯದೊಂದು ಉಳಿದಿತ್ತು. ಅದಕ್ಕೇನೂ ಬಹಳ ಕಾಯಬೇಕಾಗಲಿಲ್ಲ. ವಾಸು ಗಂಟಲು ಸರಿಮಾಡಿಕೊಂಡು, "ಏನಿಲ್ಲ, ಈಗ ತಗೊಂಡ್ರೆ ಮುಂದಿನ ವರ್ಷ ಇನ್ನೂ ಒಳ್ಳೇದು..." ಅಂದ. ಹತ್ತು.

ಜಯಕ್ಕ ಹಳೇ ಎಟಿಎಂ ಕಾರ್ಡಿನ ಅಂಚನ್ನು ಸಂದಿಗೆ ತೂರಿಸಿ ಸುತ್ತಲೂ ಎಳೆದಳು. ಟಕ್, ಟಕ್, ಟಕ್ ಅಂತ ಕೊಂಡಿಗಳು ಬಿಟ್ಟವು. ಪ್ರತಿ ಟಕ್ಕಿಗೂ ವಾಸು ಕಣ್ಣು ಮುಚ್ಚಿದ. ಮುಚ್ಚಳ ಎದ್ದಿತು. ಅವಳು ಮೊದಲು ಬ್ಯಾಟರಿಯ ತಂತಿ ಬಿಡಿಸಿ, ಆಮೇಲೆ ಫ್ಯಾನನ್ನು ತೋರಿಸಿದಳು. ಗಾಳಿ ಹೊರಹೋಗುವ ತಾಮ್ರದ ರೆಕ್ಕೆಗಳ ಮುಂದೆ ಧೂಳು ಒತ್ತೊತ್ತಾಗಿ ಕೂತು ಬೂದು ಬಣ್ಣದ ಬಟ್ಟೆಯೇ ಆಗಿಬಿಟ್ಟಿತ್ತು. ಚಿಮಟದಲ್ಲಿ ಹಿಡಿದೆಳೆದರೆ ಇಡೀ ಪಟ್ಟಿ ಒಂದೇ ತುಂಡಾಗಿ ಬಂತು.

"ಇದೇ ಬುಸುಗುಡ್ತಿದ್ದದ್ದು."

"ಅದರ ಪಕ್ಕ ಆ ಖಾಲಿ ಜಾಗ ಏನಕ್ಕಾ?" ಕೇಳಿದ ವಾಸು.

"ರ‍್ಯಾಮಿನ ಎರಡನೇ ಸ್ಲಾಟು."

"ಖಾಲಿ?"

"ಖಾಲಿ. ತಗೊಂಡ ದಿನದಿಂದ ಖಾಲಿ. ಅಪ್‌ಗ್ರೇಡ್ ಮಾಡಬಹುದಾದ ಲ್ಯಾಪ್‌ಟಾಪು ಎಲ್ಲಿದೆ ಅಂತ ನೀನು 2021ರಿಂದ ಹುಡುಕ್ತಿದೀಯಲ್ಲ, ಅಂಥದ್ದರ ಮೇಲೇ ಟೈಪ್ ಮಾಡಿ ಹುಡುಕ್ತಿದೀಯ ಕಣೋ. ರಿಪೇರಿ ಆಗೋ ಲ್ಯಾಪ್‌ಟಾಪು ಬಂದಾಯ್ತು, ರಿಪೇರಿ ಮಾಡೋ ಗಿರಾಕಿ ಇನ್ನೂ ಬರಬೇಕು."

ವಾಸು ನಾಚುತ್ತಾನೆ ಅಂತ ನಾವಂದುಕೊಂಡೆವು. ಅವನ ಮುಖ ಅರಳಿತು. ಫೋನ್ ತೆಗೆದ. "8 ಜಿಬಿ ಹಾಕಲಾ, 16 ಹಾಕಲಾ? 2666ರ ವೇಗದ್ದು ತಗೊಳ್ಳೋದಾ, 3200 ತಗೊಳ್ಳೋದಾ? ಅಥವಾ ಒಂದು ಸ್ವಲ್ಪ ತಡೆದು ಹೊಸ ತಲೆಮಾರಿನ ಡಿಡಿಆರ್5..."

"ಡಿಡಿಆರ್5 ಈ ಸ್ಲಾಟಿಗೆ ಕೂರಲ್ಲ. ಅದರ ಕಚ್ಚು ಬೇರೆ ಕಡೆ ಇರತ್ತೆ. ನಿನ್ನದರಲ್ಲಿರೋದು ಡಿಡಿಆರ್4, ಅದನ್ನೇ ತಂದು ಓರೆಯಾಗಿ ತೂರಿಸು, ಎರಡೂ ಕಡೆ ಕೊಂಡಿ ಟಕ್ ಅನ್ನೋವರೆಗೆ ಕೆಳಗೆ ಒತ್ತು. ಮುಗೀತು."

"ಯಾವ ಕಂಪನೀದು ಒಳ್ಳೇದು ಅಂತ ಒಂದು ವಾರ ನೋಡಿ..."

"ಸ್ಕ್ರೂ ಮುಗಿದಿದೆ ವಾಸು, ಇನ್ನು ತಕರಾರು ಮಾಡಿದ್ರೆ ಪ್ರಾಸೆಸರ್ರೇ ಕೀಳಬೇಕಾಗತ್ತೆ. ಈಗ ಮುಚ್ಚಳ ಹಾಕೋದು ಕಲಿ." ಅವಳು ಸ್ಕ್ರೂಡ್ರೈವರನ್ನ ಅವನ ಕೈಗಿಟ್ಟಳು. "ಚಿತ್ರ ನೋಡ್ಕೊಂಡು ಹಾಕು. ಉದ್ದದ್ದು ಹಿಂದಕ್ಕೆ, ಗಿಡ್ಡದ್ದು ಮುಂದಕ್ಕೆ."

ವಾಸು ಮೇಜಿನ ಮೇಲೆಲ್ಲ ಕಣ್ಣಾಡಿಸಿದ. "ಚಿತ್ರ ಎಲ್ಲಿ ಅಕ್ಕಾ?"

ಧೂಳಿಗೆ ಸೀನಿ ಸೀನಿ ಸುಸ್ತಾಗಿದ್ದ ಗುಂಡಣ್ಣ ಮೂಲೆಯಲ್ಲಿ ಕೂತು, ಒಂದು ಹಾಳೆ ಹಿಡಿದು ಗಾಳಿ ಹಾಕಿಕೊಳ್ತಿದ್ದ. "ಇದಾ? ಇದರ ಮೇಲೆ ಏನೋ ಚೂರುಪಾರು ಇತ್ತು," ಅಂದ. "ಕೊಡವಿದೆ."